ಬೇರಿನ ತುದಿಯ ಕಪ್ಪು ಕಲೆ: ಕೀವಿನ ಗೂಡೋ, ನರದ ಕಿಂಡಿಯೋ?

ಪ್ರಶ್ನೆ: ನಾವು ಕೊಡಗಿನ ಸುಂಟಿಕೊಪ್ಪದ ಹತ್ತಿರದವರು. ನನಗೆ 44 ವರ್ಷ. ಕೆಳ ದವಡೆಯ ಎಡಗಡೆ, ಕೋರೆ ಹಲ್ಲಿನಿಂದ ಹಿಂದಕ್ಕೆ ಎರಡನೇ ಹಲ್ಲಿಗೆ ಹತ್ತು ವರ್ಷದ ಹಿಂದೆ ಬೆಳ್ಳಿ ಸಿಮೆಂಟ್ ಹಾಕಿಸಿದ್ದೆ. ಹೋದ ತಿಂಗಳು ಹಲ್ಲು ಕ್ಲೀನ್ ಮಾಡಿಸಲು ಹೋದಾಗ ಚಿಕ್ಕ ಎಕ್ಸ್‌ರೇ ತೆಗೆದು, "ಬೇರಿನ ತುದಿಯಲ್ಲಿ ಕಪ್ಪು ಕಲೆ ಇದೆ, ಇನ್ಫೆಕ್ಷನ್, ರೂಟ್ ಕೆನಾಲ್ ಮಾಡಬೇಕು" ಅಂದರು. ನನಗೆ ಆ ಹಲ್ಲು ಒಂದು ದಿನವೂ ನೋವು ಕೊಟ್ಟಿಲ್ಲ. ಮೈಸೂರಿನಲ್ಲಿ ಇನ್ನೊಬ್ಬರು ಇಡೀ ಬಾಯಿಯ ದೊಡ್ಡ ಎಕ್ಸ್‌ರೇ ತೆಗೆದು "ಅಂಥದ್ದೇನೂ ಕಾಣ್ತಿಲ್ಲ" ಅಂದರು. ನಾದಿನಿ ಫಿಲ್ಮ್ ನೋಡಿ "ಗೆಡ್ಡೆ ಗಿಡ್ಡೆ ಇರಬಹುದು, ಕ್ಯಾನ್ಸರ್ ಅಲ್ಲ ತಾನೇ" ಅಂದಾಗಿನಿಂದ ನಿದ್ದೆಯಿಲ್ಲ. 7 ವರ್ಷದ ಮಗನ ಎಕ್ಸ್‌ರೇಯಲ್ಲೂ ಹಾಲು ಹಲ್ಲಿನ ಕೆಳಗೆ ಕಪ್ಪು ಸುತ್ತು ಕಾಣುತ್ತಿದೆ. ಕಾಫಿ ಕುಯ್ಲು ಶುರುವಾದರೆ ಎರಡು ಮೂರು ತಿಂಗಳು ನಾನು ಎಲ್ಲೂ ಹೊರಡುವ ಹಾಗಿಲ್ಲ. ಅಷ್ಟರೊಳಗೆ ರೂಟ್ ಕೆನಾಲ್ ಮಾಡಿಸಿಬಿಡಲೇ? ಮತ್ತೆ ಮತ್ತೆ ಎಕ್ಸ್‌ರೇ ತೆಗೆಸಲೂ ಭಯ. ಫಿಲ್ಮಿನ ಫೋಟೋ ಕಳಿಸಿದ್ದೇನೆ.

ಉತ್ತರ: ಒಬ್ಬರು ಇದೆ ಅಂದರು, ಇನ್ನೊಬ್ಬರು ಇಲ್ಲ ಅಂದರು, ಯಾರನ್ನು ನಂಬುವುದು ಎಂಬುದೇ ನಿಮ್ಮ ತಲೆಬಿಸಿ. ಇಬ್ಬರೂ ಕಂಡದ್ದನ್ನೇ ಹೇಳಿರಬಹುದು. ಎರಡು ಬೇರೆ ಬೇರೆ ಬಗೆಯ ಎಕ್ಸ್‌ರೇ ಎರಡು ಬೇರೆ ಚಿತ್ರ ಕೊಟ್ಟಿವೆ, ಅಷ್ಟೆ. ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ಕೊರತೆ ಬೇರೆ: ಆ ಹಲ್ಲಿಗೆ ಜೀವ ಇದೆಯೋ ಇಲ್ಲವೋ ಎಂದು ಯಾರಾದರೂ ಪರೀಕ್ಷೆ ಮಾಡಿದರೇ ಎಂಬ ಮಾತು ಎಲ್ಲೂ ಇಲ್ಲ. ಅದು ಆಗುವ ತನಕ ರೂಟ್ ಕೆನಾಲ್‌ಗೆ, ಅಂದರೆ ಹಲ್ಲಿನ ತಿರುಳು ತೆಗೆದು ಬೇರಿನ ನಾಳ ತುಂಬುವ ಚಿಕಿತ್ಸೆಗೆ, ಒಪ್ಪಬೇಡಿ. ಹಾಗೆಂದು ಮೈಸೂರಿನ ಮಾತು ಕೇಳಿ ಫೈಲ್ ಮುಚ್ಚಿಡಲೂ ಬೇಡಿ.

ಎಕ್ಸ್‌ರೇ ಅಂದರೆ ನೆರಳು. ಗಟ್ಟಿ ವಸ್ತು ಕಿರಣವನ್ನು ತಡೆಯುತ್ತದೆ, ಅಲ್ಲಿ ಬಿಳಿ. ಮೆತ್ತಗಿನದು ಅಥವಾ ಟೊಳ್ಳು ಕಿರಣವನ್ನು ಬಿಟ್ಟುಕೊಡುತ್ತದೆ, ಅಲ್ಲಿ ಕಪ್ಪು. ನಿಮ್ಮ ಫಿಲ್ಮಿನಲ್ಲಿ ಸುಣ್ಣ ಹಚ್ಚಿದಂತೆ ಬೆಳ್ಳಗಿರುವುದು ಬೆಳ್ಳಿ ಸಿಮೆಂಟ್. ಅದರ ನಂತರದ ಬಿಳುಪು ಹಲ್ಲಿನ ಟೋಪಿಯಂತಿರುವ ಎನಾಮಲ್. ಅದರೊಳಗೆ ಬೂದು ಬಣ್ಣದ ಡೆಂಟಿನ್, ನಡುವೆ ಕಪ್ಪು ಗೆರೆಯಾಗಿ ಬೇರಿನ ತುದಿಯವರೆಗೆ ಇಳಿಯುವ ತಿರುಳು, ಅಂದರೆ ಹಲ್ಲಿನ ನರ, ರಕ್ತನಾಳ ಇರುವ ಮೆತ್ತನೆಯ ಭಾಗ. ಇನ್ನು ಬೇರಿನ ಸುತ್ತ ನೋಡಿ. ಬೇರಿಗೆ ಅಂಟಿಕೊಂಡು ಕೂದಲೆಳೆಯಷ್ಟು ಕಪ್ಪು ಗೆರೆ, ಅದರ ಹೊರಗೆ ಅಷ್ಟೇ ತೆಳುವಾದ ಬಿಳಿ ಗೆರೆ. ಕಪ್ಪು ಗೆರೆ ಹಲ್ಲನ್ನು ಮೂಳೆಗೆ ಕಟ್ಟಿ ಹಿಡಿದ ನಾರಿನ ಜಾಗ, ಬಿಳಿ ಗೆರೆ ಆ ಗೂಡಿನ ಗೋಡೆ. ಬೇರಿನ ತುದಿಯ ಕಲೆಯನ್ನು ಓದುವಾಗ ಅನುಭವಿಗಳು ಮೊದಲು ಕಣ್ಣಾಡಿಸುವುದು ಈ ಎರಡು ಗೆರೆಗಳ ಮೇಲೆ. ತಿರುಳು ಸತ್ತು ಸೋಂಕು ಹೊರಬಂದಿದ್ದರೆ ಬೇರಿನ ತುದಿಯಲ್ಲಿ ಬಿಳಿ ಗೆರೆ ಕಡಿದುಹೋಗಿ, ಕಪ್ಪು ಗೆರೆ ಅಗಲವಾಗಿ, ನೇರವಾಗಿ ಕಲೆಯೊಳಗೆ ಸೇರಿಕೊಳ್ಳುತ್ತದೆ. ಬಿಳಿ ಗೆರೆ ಎಲ್ಲೂ ತುಂಡಾಗದೆ ಬೇರನ್ನು ಸುತ್ತಿದ್ದು, ಕಲೆ ಅದರಾಚೆ ಇದ್ದರೆ ಆ ಕಲೆ ಹಲ್ಲಿನದ್ದಲ್ಲ ಎಂಬ ಅನುಮಾನ ಬರಬೇಕು.

ನಿಮ್ಮ ವಿಷಯದಲ್ಲಿ ಈ ಅನುಮಾನಕ್ಕೆ ಬಲವಾದ ಕಾರಣವಿದೆ. ಕೆಳ ದವಡೆಯ ಮೂಳೆಯೊಳಗೆ ಹಿಂದಿನಿಂದ ಮುಂದಕ್ಕೆ ಒಂದು ನರ ಸಾಗುತ್ತದೆ. ತುಟಿಗೂ ಗಲ್ಲಕ್ಕೂ ಸ್ಪರ್ಶ ತಿಳಿಸುವ ಅದರ ಕವಲು ಮೂಳೆಯಿಂದ ಹೊರಬರುವುದು ಒಂದು ಸಣ್ಣ ಕಿಂಡಿಯಿಂದ; ವೈದ್ಯರು ಅದನ್ನು ಮೆಂಟಲ್ ಫೊರಾಮೆನ್ ಎನ್ನುತ್ತಾರೆ. ಆ ಕಿಂಡಿ ಸಾಮಾನ್ಯವಾಗಿ ಇರುವುದು ಕೋರೆ ಹಲ್ಲಿನ ಹಿಂದಿನ ಎರಡು ಹಲ್ಲುಗಳ ಬೇರಿನ ನಡುವೆ, ಇಲ್ಲವೇ ನೀವು ಹೇಳಿದ ಎರಡನೇ ಹಲ್ಲಿನ ಬೇರಿನ ತುದಿಗೆ ಸರಿಯಾಗಿ ಕೆಳಗೆ. ಕಿಂಡಿ ಟೊಳ್ಳಾದ್ದರಿಂದ ಎಕ್ಸ್‌ರೇಯಲ್ಲಿ ಕಪ್ಪಗೆ, ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಕಾಣುತ್ತದೆ. ಕಿರಣ ಬಿದ್ದ ಕೋನದಿಂದಾಗಿ ಅದು ಬೇರಿನ ತುದಿಯ ಮೇಲೆಯೇ ಬಂದು ಕೂತರೆ ಕೀವಿನ ಗೂಡಿನಂತೆಯೇ ತೋರುತ್ತದೆ. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಅಂಗುಳಿನಲ್ಲಿ ಇರುವ ಕಿಂಡಿಯೂ ಹೀಗೆಯೇ ಮೋಸ ಮಾಡುತ್ತದೆ. ನಡುವಯಸ್ಸಿನ ಹೆಂಗಸರಲ್ಲಿ ಕೆಳಗಿನ ಮುಂದಿನ ಹಲ್ಲುಗಳ ಬೇರಿನ ತುದಿಯಲ್ಲಿ ಮೂಳೆಯೇ ಬದಲಾಗಿ ಕಪ್ಪು ಕಾಣುವ, ಹಲ್ಲು ಪೂರ್ತಿ ಜೀವಂತವಾಗಿಯೇ ಇರುವ ಒಂದು ಸ್ಥಿತಿಯೂ ಉಂಟು. ಅಲ್ಲಿ ರೂಟ್ ಕೆನಾಲ್ ಮಾಡಿದರೆ ಒಳ್ಳೆಯ ಹಲ್ಲನ್ನು ಸುಮ್ಮನೆ ಕೊರೆದ ಹಾಗೆ.

ನೀವು ಕಳಿಸಿದ ಫೋಟೋದಿಂದ ತೀರ್ಮಾನ ಹೇಳುವುದು ಸರಿಯಲ್ಲ. ಕಲೆ ಬೇರಿನ ತುದಿಗಿಂತ ತುಸು ಹಿಂದಕ್ಕೆ ಇದ್ದಂತಿದೆ, ಬಿಳಿ ಗೆರೆ ಉಳಿದಂತೆಯೂ ಇದೆ. ಆದರೆ ಕಿಟಕಿಗೆ ಹಿಡಿದು ತೆಗೆದ ಫೋಟೋ, ಹಿಂದೆ ಮೋಡದ ಬೆಳಕು, ಮೇಲೆ ಫೋನ್ ತಾನಾಗಿಯೇ ಕಪ್ಪು ಬಿಳುಪನ್ನು ಏರಿಸಿಳಿಸುತ್ತದೆ. ಮನೆಯಲ್ಲಿ ನೋಡುವುದಾದರೆ ಕಂಪ್ಯೂಟರ್ ಪರದೆಯಲ್ಲಿ ಬರೀ ಬಿಳಿ ಪುಟ ತೆರೆದು ಫಿಲ್ಮನ್ನು ಅದರ ಮೇಲೆ ಹಿಡಿಯಿರಿ. ಫಿಲ್ಮಿನಷ್ಟೇ ಕಿಂಡಿ ಕತ್ತರಿಸಿದ ಕಪ್ಪು ಕಾಗದದಿಂದ ಸುತ್ತಲಿನ ಬೆಳಕು ಮುಚ್ಚಿ, ಭೂತಗನ್ನಡಿ ಇಟ್ಟು ನೋಡಿ. ಫಿಲ್ಮಿನ ಮೂಲೆಯಲ್ಲಿ ಬೆರಳಿಗೆ ಸಿಗುವ ಉಬ್ಬು ಚುಕ್ಕಿ ನಿಮ್ಮ ಕಡೆ ಉಬ್ಬಿರಬೇಕು. ಆಗ ನೀವು ನೋಡುತ್ತಿರುವುದು ರೋಗಿಯ ಎದುರು ನಿಂತವರು ನೋಡುವ ಹಾಗೆ, ಅಂದರೆ ಅವರ ಎಡಗಡೆ ನಿಮ್ಮ ಬಲಗಡೆ. ಚೀಟಿಯಲ್ಲಿ 35 ಎಂದು ಬರೆದಿದ್ದರೆ ಅದು ಮೂವತ್ತೈದನೇ ಹಲ್ಲಲ್ಲ. 3 ಎಂದರೆ ಕೆಳ ಎಡಭಾಗ, 5 ಎಂದರೆ ನಡುವಿನಿಂದ ಎಣಿಸಿದರೆ ಐದನೆಯದು. ಅದು ನಿಮ್ಮ ಹಲ್ಲೇ ಹೌದು.

ಫಿಲ್ಮಿನ ದೋಷಗಳೂ ಕಲೆಯಾಗಿ ಕಾಣುತ್ತವೆ. ಉಗುರು ಒತ್ತಿದಲ್ಲಿ ಬಿದಿಗೆ ಚಂದ್ರನಂಥ ಕಪ್ಪು ಗೆರೆ, ತೊಳೆಯುವ ಮೊದಲು ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಸಿಡಿದಲ್ಲಿ ಕಪ್ಪು ಚುಕ್ಕೆ, ಫಿಕ್ಸರ್ (ಚಿತ್ರ ನಿಲ್ಲಿಸುವ ದ್ರಾವಣ) ಸಿಡಿದಲ್ಲಿ ಬಿಳಿ ಚುಕ್ಕೆ. ಫಿಕ್ಸರ್‌ನಲ್ಲಿ ಸಾಕಷ್ಟು ಹೊತ್ತು ಇಡದೆ ಅಥವಾ ನೀರಿನಲ್ಲಿ ಸರಿಯಾಗಿ ತೊಳೆಯದೆ ಇದ್ದರೆ ಫಿಲ್ಮ್ ಕ್ರಮೇಣ ಕಂದಾಗುತ್ತದೆ. ನಮ್ಮ ಮಳೆಗಾಲದ ಥಂಡಿಗೆ ಪ್ಲಾಸ್ಟಿಕ್ ಕವರಿನೊಳಗೆ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದ ಫಿಲ್ಮುಗಳಂತೂ ಬೇಕಾದಷ್ಟು. ಒಣ ಕಾಗದದ ಲಕೋಟೆಯಲ್ಲಿ ಒಂದೊಂದನ್ನೇ ಬೇರೆ ಬೇರೆ ಇಡಿ. ಸೆನ್ಸರ್‌ನಿಂದ ಕಂಪ್ಯೂಟರಿಗೆ ಬರುವ ಆರ್‌ವಿಜಿ ಆಗಿದ್ದರೆ ವಾಟ್ಸಾಪ್ ಫೋಟೋ ಬೇಡ, ಮೂಲ ಫೈಲನ್ನೇ ಮೇಲ್‌ಗೆ ಕೇಳಿ ಪಡೆಯಿರಿ.

ಮೈಸೂರಿನ ದೊಡ್ಡ ಎಕ್ಸ್‌ರೇ, ಅಂದರೆ ಓಪಿಜಿ, ಏಕೆ ಏನೂ ತೋರಿಸಲಿಲ್ಲ? ಅದರಲ್ಲಿ ಯಂತ್ರ ತಲೆಯ ಸುತ್ತ ತಿರುಗುತ್ತಾ ದವಡೆಯ ಒಂದು ಪದರವನ್ನು ಮಾತ್ರ ಸ್ಪಷ್ಟವಾಗಿ ಹಿಡಿಯುತ್ತದೆ. ಆ ಪದರದ ಮುಂದೆ ಹಿಂದೆ ಇರುವುದೆಲ್ಲ ಮಸುಕು. ಬುದ್ಧಿ ಹಲ್ಲು, ಮುರಿದ ದವಡೆ, ದೊಡ್ಡ ಗೆಡ್ಡೆ, ಮಕ್ಕಳ ಹುಟ್ಟದ ಹಲ್ಲು ನೋಡಲು ಅದು ಒಳ್ಳೆಯದು. ಒಂದು ಬೇರಿನ ತುದಿಯ ಕೂದಲೆಳೆ ಗೆರೆ ನೋಡಲು ಚಿಕ್ಕ ಐಒಪಿಎ ಎಕ್ಸ್‌ರೇಯಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ತೆಗೆಯುವಾಗಿನ ತಪ್ಪೂ ಸೇರಿಕೊಳ್ಳುತ್ತದೆ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿಯದಿದ್ದರೆ ಮೇಲಿನ ಬೇರುಗಳ ಮೇಲೆ ಗಾಳಿಯ ಕಪ್ಪು ಪಟ್ಟಿ ಬೀಳುತ್ತದೆ. ಓಲೆ ತೆಗೆಯದಿದ್ದರೆ ಎಡಗಿವಿಯ ಓಲೆ ಬಲಭಾಗದಲ್ಲಿ, ಇರುವ ಜಾಗಕ್ಕಿಂತ ಮೇಲೆ, ದೊಡ್ಡದಾಗಿ ಮಸುಕಾಗಿ ಮತ್ತೊಮ್ಮೆ ಕಾಣುತ್ತದೆ. ಮದುವೆ ಮನೆಯಿಂದ ನೇರವಾಗಿ ಬಂದವರು ಜೋಮಾಲೆ, ಪತ್ತಾಕ್, ಮೂಗುತಿ ಎಲ್ಲ ತೆಗೆದಿಟ್ಟೇ ಯಂತ್ರದ ಮುಂದೆ ನಿಲ್ಲಬೇಕು. ಹೀಗಾಗಿ ಓಪಿಜಿಯಲ್ಲಿ ಕಲೆ ಕಾಣಲಿಲ್ಲ ಎಂದರೆ ಕಲೆ ಇಲ್ಲ ಎಂದಾಗುವುದಿಲ್ಲ.

ಇನ್ನು ನೋವಿಲ್ಲ ಎಂಬ ಮಾತು. ನೋವಿಲ್ಲದಿದ್ದರೆ ರೋಗವಿಲ್ಲ ಎಂದು ನಂಬಿ ಹಲ್ಲು ಕಳೆದುಕೊಂಡವರು ಬಹಳ. ತಿರುಳು ಪೂರ್ತಿ ಸತ್ತ ಹಲ್ಲು ವರ್ಷಗಟ್ಟಲೆ ತಣ್ಣಗಿರಬಲ್ಲದು, ಒಳಗೆ ಬೇರಿನ ತುದಿಯ ಮೂಳೆ ನಿಧಾನ ಕರಗುತ್ತಿರುತ್ತದೆ. ಉಲ್ಟಾ ಕೂಡ ನಿಜ: ರಾತ್ರಿಯಿಡೀ ಅಳಿಸುವ ಹೊಸ ಕೀವಿಗೆ ಎಕ್ಸ್‌ರೇಯಲ್ಲಿ ಗುರುತೇ ಇಲ್ಲದಿರಬಹುದು, ಯಾಕೆಂದರೆ ಮೂಳೆ ಸಾಕಷ್ಟು ಕರಗಿದ ಮೇಲೆಯೇ ನೆರಳು ಬದಲಾಗುವುದು. ಅದಕ್ಕೇ ನೋವನ್ನೂ ನೆರಳನ್ನೂ ಬಿಟ್ಟು ಮೂರನೆಯ ಸಾಕ್ಷಿ ಬೇಕು.

ಆ ಸಾಕ್ಷಿಗೆ ದುಬಾರಿ ಯಂತ್ರ ಬೇಡ. ತಂಪು ಸ್ಪ್ರೇ ಹೊಡೆದ ಹತ್ತಿಯುಂಡೆಯನ್ನು ಒರೆಸಿ ಒಣಗಿಸಿದ ಹಲ್ಲಿಗೆ ಕೆಲವು ಸೆಕೆಂಡು ಮುಟ್ಟಿಸುತ್ತಾರೆ. ಮೊದಲು ಪಕ್ಕದ ಹಲ್ಲಿಗೆ, ಬಲಗಡೆಯ ಅದೇ ಹಲ್ಲಿಗೆ, ಆಮೇಲೆ ಅನುಮಾನದ ಹಲ್ಲಿಗೆ. ಜುಂ ಎಂದು ಒಂದೆರಡು ಸೆಕೆಂಡಿನಲ್ಲಿ ಇಳಿದರೆ ತಿರುಳಿಗೆ ಜೀವವಿದೆ. ಅರ್ಧ ನಿಮಿಷ ಕಳೆದರೂ ನೋವು ಎಳೆಯುತ್ತಿದ್ದರೆ ತಿರುಳು ಉರಿಯೂತದಲ್ಲಿದೆ. ಉಳಿದ ಹಲ್ಲುಗಳಿಗೆ ಗೊತ್ತಾಗಿ ಇದೊಂದಕ್ಕೆ ಏನೂ ಗೊತ್ತಾಗದಿದ್ದರೆ ಸತ್ತಿರುವ ಸಾಧ್ಯತೆ ಹೆಚ್ಚು. ವಯಸ್ಸಾಗಿ ನಾಳ ಕಿರಿದಾದ ಹಲ್ಲು, ಕ್ಯಾಪ್ ಹಾಕಿದ ಹಲ್ಲು ಜೀವವಿದ್ದೂ ಸುಮ್ಮನಿರಬಹುದು. ಅಂಥಲ್ಲಿ ವಿದ್ಯುತ್ ಪರೀಕ್ಷೆಯನ್ನೂ ಜೊತೆಗೆ ಮಾಡಿ ನೋಡುತ್ತಾರೆ. ಆಮೇಲೆ ಕನ್ನಡಿಯ ಹಿಡಿಯಿಂದ ಹಲ್ಲನ್ನು ಮೆಲ್ಲಗೆ ತಟ್ಟಿ ನೋಡಬೇಕು, ಒಸಡಿನ ಸುತ್ತ ಅಳತೆ ಕಡ್ಡಿ ಇಳಿಸಿ ನೋಡಬೇಕು (3 ಮಿಲಿಮೀಟರ್ ತನಕ ಸರಿ), ಬೇರಿನ ನೇರಕ್ಕೆ ಒಸಡಿನ ಮೇಲೆ ಮೊಡವೆಯಂಥ ಗುಳ್ಳೆ ಇದೆಯೇ ಎಂದು ನೋಡಬೇಕು. ಗುಳ್ಳೆ ಇದ್ದರೆ ಅದರ ಬಾಯಿಯಿಂದ ತೆಳ್ಳನೆಯ ಗಟ್ಟಾ ಪರ್ಚಾ ಕಡ್ಡಿ (ಬೇರಿನ ನಾಳ ತುಂಬಲು ಬಳಸುವ ರಬ್ಬರಿನಂಥ ವಸ್ತು) ತೂರಿಸಿ ಎಕ್ಸ್‌ರೇ ತೆಗೆದರೆ, ಬಿಳಿ ಗೆರೆಯಾಗಿ ಕಾಣುವ ಆ ಕಡ್ಡಿ ಕೀವು ಯಾವ ಬೇರಿನಿಂದ ಬರುತ್ತಿದೆ ಎಂದು ಬೆರಳು ಮಾಡಿ ತೋರಿಸುತ್ತದೆ.

ಇದರ ಜೊತೆಗೆ ಅದೇ ಹಲ್ಲಿನ ಇನ್ನೊಂದು ಐಒಪಿಎ, ಆದರೆ ಕಿರಣ ಬಿಡುವ ಟ್ಯೂಬನ್ನು ಸುಮಾರು 20 ಡಿಗ್ರಿ ಮುಂದಕ್ಕೆ ಸರಿಸಿ ತೆಗೆದದ್ದು. ಇದರ ತರ್ಕ ನಿಮ್ಮ ಮನೆಯ ಜಗಲಿಯಲ್ಲೇ ಸಿಗುತ್ತದೆ. ಅಂಗಳದಂಚಿನ ಕಾಫಿ ಗಿಡವೂ ದೂರದ ಸಿಲ್ವರ್ ಓಕ್ ಮರವೂ ಒಂದೇ ಗೆರೆಯಲ್ಲಿ ಕಾಣುವ ಹಾಗೆ ನಿಲ್ಲಿ. ಎರಡು ಹೆಜ್ಜೆ ಬಲಕ್ಕೆ ಸರಿದರೆ ಹತ್ತಿರದ ಗಿಡ ಎಡಕ್ಕೆ ಜಾರುತ್ತದೆ, ದೂರದ ಮರ ನಿಮ್ಮ ಜೊತೆಗೇ ಬಲಕ್ಕೆ ಬಂದಂತಾಗುತ್ತದೆ. ನರದ ಕಿಂಡಿ ಇರುವುದು ಮೂಳೆಯ ಕೆನ್ನೆ ಬದಿಯಲ್ಲಿ, ಅಂದರೆ ಟ್ಯೂಬಿಗೆ ಹತ್ತಿರ. ಬೇರು ಅದಕ್ಕಿಂತ ಒಳಗೆ. ಟ್ಯೂಬ್ ಮುಂದಕ್ಕೆ ಹೋದರೆ ಕಿಂಡಿಯ ನೆರಳು ಬೇರಿನಿಂದ ಬಿಟ್ಟು ಹಿಂದಕ್ಕೆ ಜಾರಬೇಕು. ಕೀವಿನ ಗೂಡಾದರೆ ಯಾವ ಕೋನದಲ್ಲಿ ತೆಗೆದರೂ ಬೇರಿನ ತುದಿಯನ್ನು ಬಿಡದೆ ಕಚ್ಚಿಕೊಂಡಿರುತ್ತದೆ. ಎರಡು ಫಿಲ್ಮನ್ನು ಪಕ್ಕ ಪಕ್ಕ ಇಟ್ಟರೆ ನಿಮ್ಮ ಕಣ್ಣಿಗೇ ತಿಳಿಯುತ್ತದೆ.

ತಂಪಿಗೆ ಹಲ್ಲು ಸರಿಯಾಗಿ ಸ್ಪಂದಿಸಿ, ಕಲೆಯೂ ಜಾರಿದರೆ ಏನೂ ಮಾಡಬೇಕಿಲ್ಲ. 6ರಿಂದ 12 ತಿಂಗಳಲ್ಲಿ ಅದೇ ಕೋನದಲ್ಲಿ ಒಂದು ಎಕ್ಸ್‌ರೇ ತೆಗೆದು ಹೋಲಿಸಿದರೆ ಸಾಕು. ಕಾಯುವುದರ ಅಪಾಯ ಇಷ್ಟೇ, ಪರೀಕ್ಷೆ ಸರಿಯಾಗಿ ಆಗದೆ ಸತ್ತ ಹಲ್ಲನ್ನು ಜೀವಂತ ಎಂದುಕೊಂಡಿದ್ದರೆ ಅದು ಒಂದು ದಿನ ಊದಿಕೊಂಡು ಬರುತ್ತದೆ. ಹಲ್ಲು ಸ್ಪಂದಿಸದೆ, ಕಲೆಯೂ ಬೇರಿಗೇ ಅಂಟಿದ್ದರೆ ನೋವಿಲ್ಲದಿದ್ದರೂ ರೂಟ್ ಕೆನಾಲ್ ಮಾಡಿಸಿ. ಈ ಹಲ್ಲಿನಲ್ಲಿ ಒಂದು ಎಚ್ಚರಿಕೆ ಬೇಕು. ನರದ ಕಿಂಡಿ ಪಕ್ಕದಲ್ಲೇ ಇರುವುದರಿಂದ ಔಷಧವಾಗಲಿ ತುಂಬುವ ವಸ್ತುವಾಗಲಿ ಬೇರಿನ ತುದಿ ದಾಟಿ ಹೊರಚೆಲ್ಲಿದರೆ ತುಟಿ ಮರಗಟ್ಟಬಹುದು. ಅಳತೆ ಎಕ್ಸ್‌ರೇ ಅಥವಾ ಏಪೆಕ್ಸ್ ಲೊಕೇಟರ್ (ಬೇರಿನ ತುದಿ ಎಲ್ಲಿದೆ ಎಂದು ಅಳೆಯುವ ಯಂತ್ರ) ಇಲ್ಲದೆ ಮಾಡಿಸಬೇಡಿ. ಮುಗಿದ ಮೇಲಿನ ಎಕ್ಸ್‌ರೇಯಲ್ಲಿ ಬಿಳಿ ತುಂಬುವಿಕೆ ಬೇರಿನ ತುದಿಗಿಂತ 0ರಿಂದ 2 ಮಿಲಿಮೀಟರ್ ಒಳಗೆ, ನಡುವೆ ಕಪ್ಪು ಸಂದಿಲ್ಲದೆ ನಿಂತಿರಬೇಕು. ಕಲೆ ಮರುದಿನವೇ ಮಾಯವಾಗಲಿಲ್ಲ ಎಂದು ಗಾಬರಿಯಾಗಬೇಡಿ. ಮೂಳೆ ತುಂಬಲು ಒಂದು ವರ್ಷ ಹಿಡಿಯುವುದು ಸಾಮಾನ್ಯ, ಕೆಲವರಲ್ಲಿ ನಾಲ್ಕು ವರ್ಷದ ತನಕವೂ ಹೋಗುತ್ತದೆ. ಸುಮ್ಮನೆ ಕೀಳಿಸಿಬಿಡೋಣ ಎಂದು ಕೆಲವರು ಹೇಳುತ್ತಾರೆ. ಗಟ್ಟಿ ಬೇರಿನ ಹಲ್ಲಿಗೆ ಆ ಮಾತು ನನಗೆ ಒಪ್ಪಿಗೆಯಿಲ್ಲ. ಕಿತ್ತ ಜಾಗಕ್ಕೆ ಪಕ್ಕದ ಹಲ್ಲು ವಾಲುತ್ತದೆ, ಇಂಪ್ಲಾಂಟ್ ಹಾಕಲು ಹೋದರೆ ಮತ್ತೆ ಅದೇ ನರದ ಅಡ್ಡಿ.

ಇಷ್ಟರ ಮೇಲೂ ಗೊಂದಲ ಉಳಿದರೆ ಮಾತ್ರ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್. ಕೇಳುವಾಗ "ಆ ಭಾಗಕ್ಕೆ ಮಾತ್ರ, ಚಿಕ್ಕ ಅಳತೆಯದ್ದು" ಎಂದು ಕೇಳಿ. ನಿಮ್ಮ ಹಲ್ಲಿನಲ್ಲಿ ಬೆಳ್ಳಿ ಸಿಮೆಂಟ್ ಇರುವುದರಿಂದ ಅದರ ಸುತ್ತ ಕಪ್ಪು ಬಿಳಿ ಗೀಟುಗಳು ಬೀಳುತ್ತವೆ, ಅದನ್ನು ಹುಳುಕು ಎಂದು ಓದುವ ತಪ್ಪು ಆಗಬಾರದು. ಎಕ್ಸ್‌ರೇ ಓದುವುದನ್ನೇ ಕಲಿತ ತಜ್ಞರ ವಿಭಾಗ, ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ, ದಂತ ವೈದ್ಯಕೀಯ ಕಾಲೇಜುಗಳಲ್ಲಿ ಇರುತ್ತದೆ. ಜಿಲ್ಲೆಯೊಳಗೆ ವಿರಾಜಪೇಟೆಯಲ್ಲಿ ಅಂಥ ಕಾಲೇಜಿದೆ. ಇನ್ನೊಬ್ಬರ ಅಭಿಪ್ರಾಯಕ್ಕೆ ಘಟ್ಟ ಇಳಿಯಲೇಬೇಕೆಂದಿಲ್ಲ.

ಸಿಮೆಂಟಿನ ಕೆಳಗೂ ತುಸು ಕಪ್ಪಿದೆ ಎಂದು ಯಾರಾದರೂ ಹೇಳಬಹುದು. ಅದು ಹೊಸ ಹುಳುಕೂ ಇರಬಹುದು, ಸಿಮೆಂಟಿನ ಅಡಿಗೆ ಹಿಂದೆ ಹಚ್ಚುತ್ತಿದ್ದ ಔಷಧದ ಪದರವೂ ಇರಬಹುದು. ಔಷಧದ ಪದರಕ್ಕೆ ಅಂಚು ನೀಟಾಗಿರುತ್ತದೆ, ಹುಳುಕು ಕದಡಿದಂತೆ ಹರಡಿರುತ್ತದೆ. ನೆನಪಿಡಬೇಕಾದ್ದು, ಹಲ್ಲಿನ ಖನಿಜ ಸುಮಾರು 30ರಿಂದ 40 ಶೇಕಡಾ ಕರಗಿದ ಮೇಲಷ್ಟೇ ಹುಳುಕು ಎಕ್ಸ್‌ರೇಯಲ್ಲಿ ಕಾಣುವುದು. ಬಾಯಿಯೊಳಗಿನ ಹುಳುಕು ಯಾವಾಗಲೂ ಚಿತ್ರಕ್ಕಿಂತ ಒಂದು ಹೆಜ್ಜೆ ಮುಂದಿರುತ್ತದೆ. ಹಲ್ಲಿನ ಕುತ್ತಿಗೆಯ ಬಳಿ, ಎನಾಮಲ್ ಮುಗಿದು ಮೂಳೆ ಶುರುವಾಗುವ ನಡುವೆ ಕಾಣುವ ಬೆಣೆಯಾಕಾರದ ಕಪ್ಪು ಮಾತ್ರ ಎಷ್ಟೋ ಸಲ ಹುಳುಕೇ ಅಲ್ಲ. ಅಲ್ಲಿ ಕಿರಣವನ್ನು ತಡೆಯುವ ವಸ್ತು ಕಡಿಮೆ, ಅಷ್ಟೆ. ಕಡ್ಡಿಯಿಂದ ಮುಟ್ಟಿದರೆ ನುಣುಪಾಗಿ ಸಿಗುತ್ತದೆ, ಕೋನ ಬದಲಿಸಿದರೆ ಮಾಯ.

ನಾದಿನಿಯ ಮಾತಿಗೆ ಬರೋಣ. ದವಡೆ ಮೂಳೆಯ ಕ್ಯಾನ್ಸರ್ ಕಟ್ಟಿಟ್ಟ ಅಂಚಿನ ಪುಟ್ಟ ದುಂಡು ಕಲೆಯಾಗಿ ಕಾಣುವುದು ಅಪರೂಪ. ಅಲ್ಲಿ ಮೂಳೆ ಗೆದ್ದಲು ತಿಂದ ಮರದಂತೆ ಅಲ್ಲಲ್ಲಿ ಹರಿದಿರುತ್ತದೆ, ಹಲ್ಲುಗಳು ಆಧಾರವಿಲ್ಲದೆ ತೇಲುವಂತೆ ಕಾಣುತ್ತವೆ. ಜೊತೆಗೆ ಕೆಳತುಟಿ ಅಥವಾ ಗಲ್ಲ ಕಾರಣವಿಲ್ಲದೆ ಜೋಮು ಹಿಡಿಯುವುದು, ಹಲ್ಲು ವಾರಗಳಲ್ಲೇ ಅಲ್ಲಾಡತೊಡಗುವುದು, ಎರಡು ವಾರ ಕಳೆದರೂ ಮಾಯದ ಹುಣ್ಣು. ಇಂಥದ್ದೇನೂ ನೀವು ಬರೆದಿಲ್ಲ. ಇದ್ದರೆ ಒಂದು ದಿನವೂ ತಡ ಮಾಡಬೇಡಿ. ಆಗಲೂ ತೀರ್ಮಾನ ಆಗುವುದು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ. ಬೇರಿನ ತುದಿಯ ಕಲೆ ಸಿಸ್ಟ್ (ದ್ರವ ತುಂಬಿದ ಚೀಲ) ಎಂದು ಎಕ್ಸ್‌ರೇ ನೋಡಿಯೇ ಖಡಾಖಂಡಿತ ಹೇಳುವುದೂ ಹೀಗೆಯೇ ತಪ್ಪು. ನೆರಳಿನಲ್ಲಿ ಸಿಸ್ಟ್ ಮತ್ತು ಗ್ರಾನುಲೋಮ (ಉರಿಯೂತದಿಂದ ಬೆಳೆದ ಮೆತ್ತನೆಯ ಗಂಟು) ಒಂದೇ ತರ.

ಮಗನ ಎಕ್ಸ್‌ರೇ ಬಗ್ಗೆ ನೀವು ಬರೆದದ್ದು ಆ ವಯಸ್ಸಿಗೆ ಸಹಜ. ಹಾಲು ಹಲ್ಲಿನ ಕೆಳಗೆ ಶಾಶ್ವತ ಹಲ್ಲು ಬೆಳೆಯುತ್ತಿದೆ, ಅದರ ಸುತ್ತಲಿನ ಮೆತ್ತನೆಯ ಚೀಲ ಕಪ್ಪು ಸುತ್ತಾಗಿ ಕಾಣುತ್ತದೆ. ಸುತ್ತು ತೆಳ್ಳಗಿದ್ದು, ಹೊರಗೆ ಬಿಳಿ ಗೆರೆ ಇದ್ದರೆ ಸರಿ. ಅದು 5 ಮಿಲಿಮೀಟರಿಗಿಂತ ಅಗಲವಾದರೆ ಮಾತ್ರ ತೋರಿಸಬೇಕು. 6ನೇ ವರ್ಷಕ್ಕೆ ಬಂದ ಹಿಂದಿನ ದವಡೆ ಹಲ್ಲಿನ ಬೇರು ಮುಚ್ಚಲು ಮಗುವಿಗೆ 9-10 ವರ್ಷ ವಯಸ್ಸಾಗಬೇಕು, ಅಲ್ಲಿಯವರೆಗೆ ತುದಿ ಆಲಿಕೆಯಂತೆ ತೆರೆದು ಕಪ್ಪಗೇ ಇರುತ್ತದೆ. ಮಕ್ಕಳಲ್ಲಿ ನೋಡಬೇಕಾದ ಜಾಗ ಬೇರೆ: ಹಾಲು ದವಡೆ ಹಲ್ಲಿನ ಎರಡು ಬೇರುಗಳ ನಡುವೆ ಮೂಳೆ ಕಪ್ಪಾಗಿದ್ದರೆ ಸೋಂಕು ಎಂದೇ ತಿಳಿಯಿರಿ, ಅದು ಕೆಳಗಿನ ಶಾಶ್ವತ ಹಲ್ಲಿಗೂ ಪೆಟ್ಟು ಕೊಡುತ್ತದೆ.

ಕಿರಣದ ಭಯಕ್ಕೆ ಲೆಕ್ಕವೇ ಉತ್ತರ. ಮಣ್ಣು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2400 ಮೈಕ್ರೋಸೀವರ್ಟ್ (ಕಿರಣದ ಅಳತೆ) ಸಿಗುತ್ತಲೇ ಇದೆ, ದಿನಕ್ಕೆ ಆರೂವರೆಯಷ್ಟು. ಒಂದು ಐಒಪಿಎಗೆ 10ಕ್ಕಿಂತ ಕಡಿಮೆ, ಅಂದರೆ ಸುಮಾರು ಒಂದು ದಿನದ್ದು. ಓಪಿಜಿಗೆ ಕೆಲವು ದಿನಗಳದ್ದು. ಸಿಬಿಸಿಟಿಗೆ ಯಂತ್ರ, ಅಳತೆ ನೋಡಿಕೊಂಡು ಹತ್ತಾರರಿಂದ ನೂರಾರು ಮೈಕ್ರೋಸೀವರ್ಟ್. ಅದಕ್ಕೇ ಅದು ಕೊನೆಗೆ. ಇನ್ನೊಂದು ಕೋನದ ಐಒಪಿಎಗೆ ಹೆದರಿ ಬೇಡದ ರೂಟ್ ಕೆನಾಲ್ ಮಾಡಿಸಿಕೊಳ್ಳುವುದು ಖಂಡಿತ ಸರಿಯಲ್ಲ. ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2024ರಲ್ಲಿ ಸೀಸದ ಏಪ್ರನ್, ಕತ್ತಿನ ಪಟ್ಟಿ ಇನ್ನು ವಾಡಿಕೆಯಾಗಿ ಬೇಕಿಲ್ಲ ಎಂದಿದೆ. ನಮ್ಮಲ್ಲಿ ಕೊಟ್ಟರೆ ಹಾಕಿಕೊಳ್ಳಿ, ತೊಂದರೆಯಿಲ್ಲ. ಓಪಿಜಿಗೆ ಮಾತ್ರ ಕತ್ತಿನ ಪಟ್ಟಿ ಬೇಡ, ಚಿತ್ರಕ್ಕೇ ಅಡ್ಡ ಬರುತ್ತದೆ. ಯಂತ್ರ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾಗಿದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಮಗುವಿಗೆ ಫಿಲ್ಮ್ ಹಿಡಿಯಲು ಆಗದಿದ್ದರೆ ಮನೆಯವರೇ ಹಿಡಿಯಲಿ, ಬಸುರಿ ಬೇಡ.

ಕುಯ್ಲಿನ ವಿಷಯಕ್ಕೆ ಬಂದರೆ, ತಂಪಿನ ಪರೀಕ್ಷೆ ಮತ್ತು ಆ ಇನ್ನೊಂದು ಎಕ್ಸ್‌ರೇ ಸೇರಿ ಅರ್ಧ ಗಂಟೆಯ ಕೆಲಸ. ಇದೇ ವಾರ ಮಾಡಿಸಿ. ಹಲ್ಲು ಜೀವಂತವಿದ್ದರೆ ನಿಶ್ಚಿಂತೆಯಿಂದ ಕುಯ್ಲಿಗೆ ಇಳಿಯಿರಿ. ಸತ್ತಿದ್ದರೆ ರೂಟ್ ಕೆನಾಲನ್ನು ಕುಯ್ಲಿಗೆ ಮುಂಚೆಯೇ ಶುರು ಮಾಡಿ ಮುಗಿಸಿ. ಅರ್ಧಕ್ಕೆ ಬಿಟ್ಟು ತಾತ್ಕಾಲಿಕ ಸಿಮೆಂಟಿನಲ್ಲಿ ತಿಂಗಳುಗಟ್ಟಲೆ ಇರಬೇಡಿ, ಅದು ಸವೆದು ಎಂಜಲು ಒಳಗಿಳಿಯುತ್ತದೆ. ಈ ನಡುವೆ ಕೆನ್ನೆ ಊದಿಕೊಂಡರೆ, ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಕಣದಲ್ಲಿ ಕಾಫಿ ಹರಡಿದ್ದರೂ ಬಿಟ್ಟು ಆ ದಿನವೇ ಆಸ್ಪತ್ರೆಗೆ ಹೊರಡಿ.